ಮೈಕ್ ಹಿಡಿದವರ ಕೆಲಸ: ಡಾನ್ಸ್ ಸಂಗೀತದ ಎಂಸಿಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಬ್ರಿಟನ್ನಿನ ಜಂಗಲ್, ಡ್ರಮ್ ಆ್ಯಂಡ್ ಬೇಸ್, ಗರಾಜ್ ಎಂಬ ಕುಣಿತದ ಸಂಗೀತಗಳ ರಾತ್ರಿಗಳ ಬಗ್ಗೆ ಬರೆಯಲು ತೊಡಗಿದಾಗಿನಿಂದ ನನಗೆ ಬರುವ ಪತ್ರಗಳಲ್ಲಿ ಹೆಚ್ಚಿನವು ಡಿಜೆಯ ಬಗ್ಗೆ ಅಲ್ಲ, ಅವರ ಪಕ್ಕದಲ್ಲಿ ಮೈಕ್ ಹಿಡಿದು ನಿಲ್ಲುವ ಎಂಸಿಗಳ ಬಗ್ಗೆ. ಕೆಲವರಿಗೆ ಕುತೂಹಲ, ಕೆಲವರಿಗೆ ಸಿಟ್ಟು, ಇನ್ನು ಕೆಲವರಿಗೆ ತಾವೇ ಆ ಮೈಕ್ ಹಿಡಿಯುವ ಆಸೆ. ಮತ್ತೆ ಮತ್ತೆ ಬರುವ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಜೋಡಿಸಿದ್ದೇನೆ. ವಿಷಯ ಗೊತ್ತಿರುವವರು ಮೊದಲ ಭಾಗವನ್ನು ದಾಟಿ ಮುಂದೆ ಹೋಗಬಹುದು.

## ಮೊದಲ ಸಲ ಕೇಳುವವರಿಗೆ

ಡಿಜೆ ಹಾಡು ಹಾಕುತ್ತಿರುವಾಗ ಇನ್ನೊಬ್ಬರು ಮೈಕ್ ಹಿಡಿದು ಕೂಗುವುದು ಯಾಕೆ? ಹಾಡು ಕೇಳಲು ಬಿಡಬಾರದೇ?

ಡಿಜೆಯ ಕಣ್ಣು ಬಹುಪಾಲು ಹೊತ್ತು ಕೆಳಗಿರುತ್ತದೆ. ಮುಂದಿನ ಹಾಡನ್ನು ಆರಿಸಬೇಕು, ಹೆಡ್‌ಫೋನಿನಲ್ಲಿ ಅದರ ವೇಗವನ್ನು ಈಗ ನುಡಿಯುತ್ತಿರುವ ಹಾಡಿಗೆ ಹೊಂದಿಸಬೇಕು, ಗುಂಡಿಗಳನ್ನು ತಿರುಗಿಸಬೇಕು. ಎಂಸಿಯ ಕಣ್ಣು ಮಾತ್ರ ಸದಾ ಜನರ ಮೇಲೆ. ಹಿಂದಿನ ಸಾಲಿನವರು ಕುಣಿಯುತ್ತಿದ್ದಾರೋ ಫೋನ್ ನೋಡುತ್ತಿದ್ದಾರೋ, ಹೊಸ ಹಾಡು ಹಿಡಿಸಿತೋ ಇಲ್ಲವೋ ಎಂಬುದು ಮೊದಲು ಗೊತ್ತಾಗುವುದು ಅವರಿಗೇ. ಅದನ್ನು ಡಿಜೆಗೆ ಮುಟ್ಟಿಸುವುದು, ಡಿಜೆ ಮುಂದೇನು ಮಾಡಹೊರಟಿದ್ದಾರೆ ಎಂಬ ಸುಳಿವನ್ನು ಜನರಿಗೆ ಕೊಡುವುದು, ಇದೇ ಅವರ ಮೂಲ ಕೆಲಸ. ಹಾಡುಗಳು ಎಲ್ಲೋ ಸ್ಟುಡಿಯೊದಲ್ಲಿ ತಯಾರಾಗಿ ಬಂದವು. ನಿನ್ನೆ ಬರ್ಮಿಂಗ್‌ಹ್ಯಾಮಿನಲ್ಲಿ ನುಡಿದ ಹಾಗೆಯೇ ಇಂದು ಬ್ರಿಸ್ಟಲ್‌ನಲ್ಲೂ ನುಡಿಯುತ್ತವೆ. ಆ ರಾತ್ರಿ, ಆ ಕೋಣೆಯಲ್ಲೇ ಹುಟ್ಟುವ ಮಾತು ಎಂಸಿಯದು. ಅದನ್ನು ಅಲಂಕಾರ ಎನ್ನುವವರೊಂದಿಗೆ ನನಗೆ ಜಗಳವಿದೆ. ನನ್ನ ಲೆಕ್ಕದಲ್ಲಿ ಅದು ಪ್ರದರ್ಶನದ ಅರ್ಧ ಪಾಲು. ಈ ಪಕ್ಷಪಾತ ಮುಂದಿನ ಉತ್ತರಗಳಲ್ಲೂ ಕಾಣಿಸುತ್ತದೆ, ಮೊದಲೇ ಹೇಳಿಬಿಡುತ್ತೇನೆ.

ನಮ್ಮಲ್ಲಿ ಆರ್ಕೆಸ್ಟ್ರಾ ನಿರೂಪಕರು ಇರುತ್ತಾರಲ್ಲ, ಅದೇ ಕೆಲಸವೇ ಇದು?

ಅಲ್ಲ. ಆರ್ಕೆಸ್ಟ್ರಾ ನಿರೂಪಕರು ಒಂದು ಹಾಡು ಮುಗಿದ ಮೇಲೆ ಬಾಯಿ ತೆರೆಯುತ್ತಾರೆ, ಇನ್ನೊಂದು ಶುರುವಾಗುವ ಮೊದಲು ಮುಚ್ಚುತ್ತಾರೆ. ಡ್ರಮ್ ಆ್ಯಂಡ್ ಬೇಸ್ ರಾತ್ರಿಯಲ್ಲಿ ಹಾಡು ಮುಗಿಯುವುದೇ ಇಲ್ಲ. ಒಂದು ಕರಗುವ ಮೊದಲೇ ಇನ್ನೊಂದು ಬೆರೆತಿರುತ್ತದೆ. ನಮ್ಮ ಕಡೆ ಇವರ ಹತ್ತಿರದ ಬಂಧುವನ್ನು ಹುಡುಕುವುದಾದರೆ ವೀರಗಾಸೆಯಲ್ಲಿ ಒಡಪು ಹೇಳುವವರನ್ನು ನೆನೆಯಬೇಕು. ‘ಅಹಹಾ ರುದ್ರಾ, ಅಹಹಾ ದೇವಾ’ ಎಂದು ಎತ್ತಿಕೊಂಡು, ಲಯದ ಗದ್ಯವನ್ನು ಬಿರುಸಾಗಿ ಹೇಳುತ್ತಾ ಹೋಗಿ, ಸರಿಯಾದ ಪದದ ಮೇಲೆ ವಾದ್ಯ ಮೊಳಗುವಂತೆ ನಿಲ್ಲಿಸುವುದು ಅವರ ಕಸುಬು. ಮಾತಿನಿಂದಲೇ ಕುಣಿತವನ್ನು ಕೆರಳಿಸುವ ವಿದ್ಯೆ ಇಬ್ಬರದ್ದೂ ಒಂದೇ. ಆದರೆ ಒಡಪಿನ ಹೊತ್ತಿಗೆ ವಾದ್ಯ ತಡೆದು ನಿಲ್ಲುತ್ತದೆ, ಎಂಸಿಗೆ ಆ ಸೌಕರ್ಯವಿಲ್ಲ.

ಇದು ರ‍್ಯಾಪ್ ತಾನೇ? ಬೇರೆ ಹೆಸರು ಯಾಕೆ?

ಒಂದೇ ಮನೆತನ, ಬೇರೆ ಸಂಸಾರ. ರ‍್ಯಾಪ್‌ನಲ್ಲಿ ಸಾಹಿತ್ಯಕ್ಕಾಗಿ ಸಂಗೀತ ಹಿಂದೆ ಸರಿಯುತ್ತದೆ. ಇಲ್ಲಿ ಕುಣಿತಕ್ಕಾಗಿ ಸಾಹಿತ್ಯ ಹಿಂದೆ ಸರಿಯಬೇಕು. ಎಂಸಿಯ ಬಳಿ ಇರುವುದು ಪೂರ್ತಿ ಹಾಡುಗಳಲ್ಲ, ಎಂಟು ಅಥವಾ ಹದಿನಾರು ಆವರ್ತಗಳ (ನಾಲ್ಕು ಹೊಡೆತಕ್ಕೆ ಒಂದು ಆವರ್ತ) ತುಣುಕುಗಳ ಒಂದು ದಾಸ್ತಾನು. ಡಿಜೆ ಯಾವ ಹಾಡು ಹಾಕುತ್ತಾರೆಂದು ಮೊದಲೇ ತಿಳಿದಿರುವುದಿಲ್ಲವಾದ್ದರಿಂದ ಯಾವ ತುಣುಕು ಎಲ್ಲಿ ಕೂರುತ್ತದೆ ಎಂಬುದನ್ನು ನಿಂತ ನಿಲುವಿನಲ್ಲೇ ತೀರ್ಮಾನಿಸುತ್ತಾರೆ.

ಎಂಸಿಗಳಲ್ಲೂ ಎರಡು ಬಗೆ. ಕಡಿಮೆ ಮಾತಾಡಿ, ಡಿಜೆಯ ಹೆಸರು ಹೇಳಿ, ಜನರನ್ನು ಹಿಡಿದಿಡುವವರು ಹೋಸ್ಟ್‌ಗಳು. ಡಿಜೆ ಎಲ್‌ಟಿಜೆ ಬುಕೆಮ್ ಜೊತೆಗಿದ್ದ ಎಂಸಿ ಕಾನ್ರಾಡ್ ಈ ಬಗೆಯ ಶ್ರೇಷ್ಠ ಮಾದರಿ. ಬುಕೆಮ್ ಅವರ ತೇಲುವ ಸಂಗೀತದ ಮೇಲೆ ಅವರ ದನಿ ಹಬೆಯಂತೆ ಏಳುತ್ತಿತ್ತು. ಅವರು 2024ರಲ್ಲಿ ತೀರಿಕೊಂಡರು. ಎರಡನೆಯವರು ಲಿರಿಸಿಸ್ಟ್‌ಗಳು. ಸ್ಟೀವಿ ಹೈಪರ್ ಡಿ, ಸ್ಕಿಬಡೀ ಇವರೆಲ್ಲ ನಾಲಿಗೆಯ ವೇಗಕ್ಕೇ ಹೆಸರಾದವರು. ದೊಡ್ಡ ಎಂಸಿಗಳು ಎರಡನ್ನೂ ಬಲ್ಲರು, ಆದರೆ ಒಲವು ಒಂದರ ಕಡೆಗೇ ಇರುತ್ತದೆ.

ನಾನು ಗೋವಾದಲ್ಲಿ ಟ್ರಾನ್ಸ್ ಪಾರ್ಟಿಗೆ, ಬೆಂಗಳೂರಿನಲ್ಲಿ ಟೆಕ್ನೋ ಕ್ಲಬ್‌ಗೆ ಹೋಗಿದ್ದೇನೆ. ಯಾರೂ ಮೈಕ್ ಮುಟ್ಟಲಿಲ್ಲವಲ್ಲ?

ಮುಟ್ಟುವುದಿಲ್ಲ. ಟೆಕ್ನೋ, ಹೌಸ್, ಸೈಟ್ರಾನ್ಸ್‌ಗಳಲ್ಲಿ ಮನುಷ್ಯರ ಮಾತು ಮಂಪರನ್ನು ಕೆಡಿಸುತ್ತದೆ ಎಂಬ ನಂಬಿಕೆ ಬಲವಾಗಿದೆ. ಎಂಸಿ ಇಲ್ಲದೆ ಅಪೂರ್ಣ ಎನಿಸುವುದು ಜಂಗಲ್, ಡ್ರಮ್ ಆ್ಯಂಡ್ ಬೇಸ್, ಬ್ರಿಟಿಷ್ ಗರಾಜ್, ಗ್ರೈಮ್, ಹ್ಯಾಪಿ ಹಾರ್ಡ್‌ಕೋರ್. ನೆದರ್‌ಲ್ಯಾಂಡ್ಸ್‌ನ ಹಾರ್ಡ್‌ಸ್ಟೈಲ್ ಉತ್ಸವಗಳಲ್ಲೂ ಎಂಸಿ ಇದ್ದಾರೆ, ಆದರೆ ಅಲ್ಲಿ ಅವರು ಲಯದ ಮೇಲೆ ಸಾಹಿತ್ಯ ಹೇಳುವುದಕ್ಕಿಂತ ಸಾವಿರಾರು ಜನರ ಬಯಲಿಗೆ ಗುಡುಗುದನಿಯಲ್ಲಿ ಕರೆ ಕೊಡುವುದೇ ಹೆಚ್ಚು. ಡೆಫ್‌ಕಾನ್ ಉತ್ಸವದಲ್ಲಿ ವಿಲನ್ ಎಂಬ ಎಂಸಿಯ ದನಿ ಕೇಳಿದವರಿಗೆ ಇದು ಗೊತ್ತು. ವಿಚಿತ್ರ ಉದಾಹರಣೆಯೊಂದು ಇಂಗ್ಲೆಂಡಿನ ಈಶಾನ್ಯ ಮೂಲೆಯದು. ಸ್ಪೇನಿನಿಂದ ಬಂದ ಮಾಕಿನಾ ಎಂಬ ಬಿರುಸು ಸಂಗೀತದ ಮೇಲೆ ಸಂಡರ್‌ಲ್ಯಾಂಡ್‌ನ ನ್ಯೂ ಮಂಕಿ ಕ್ಲಬ್‌ನಲ್ಲಿ ಸ್ಥಳೀಯ ಹುಡುಗರು ತಮ್ಮ ಊರಿನ ಉಚ್ಚಾರಣೆಯಲ್ಲೇ ಎಂಸಿ ಮಾಡಿ ತಮ್ಮದೇ ಒಂದು ಪಂಥ ಕಟ್ಟಿಕೊಂಡರು. ಸ್ಪೇನಿನವರು ಇದನ್ನು ಕಲ್ಪಿಸಿಕೊಂಡಿರಲಾರರು.

## ಎಲ್ಲಿಂದ ಬಂತು

ಎಂಸಿ ಪದ್ಧತಿ ಅಮೆರಿಕದ ಹಿಪ್ ಹಾಪ್‌ನಿಂದ ಬಂದದ್ದಲ್ಲವೇ?

ಬೇರು ಇನ್ನೂ ಹಿಂದಿನದು, ಜಮೈಕಾದ ಕಿಂಗ್‌ಸ್ಟನ್ನಿನದು. 1950ರ ದಶಕದಲ್ಲಿ ಅಲ್ಲಿ ‘ಸೌಂಡ್ ಸಿಸ್ಟಮ್’ ಎಂದರೆ ಬೀದಿಯಲ್ಲಿ ಆಳೆತ್ತರದ ಸ್ಪೀಕರ್ ಪೆಟ್ಟಿಗೆಗಳನ್ನು ಜೋಡಿಸಿ ನಡೆಸುವ ಕುಣಿತದ ಕೂಟ. ಕೌಂಟ್ ಮಚೂಕಿ ಎಂಬವರು ಅಮೆರಿಕದ ರೇಡಿಯೊ ನಿರೂಪಕರ ಚಟುಲ ಮಾತಿನಿಂದ ಪ್ರೇರಣೆ ಪಡೆದು ರೆಕಾರ್ಡ್‌ಗಳ ನಡುವೆ ಪ್ರಾಸದ ಮಾತು ಸೇರಿಸತೊಡಗಿದರು. 1960ರ ದಶಕದ ಕೊನೆಯಲ್ಲಿ ರೆಕಾರ್ಡ್‌ನ ಹಿಂಬದಿಗೆ ಹಾಡುಗಾರನ ದನಿ ತೆಗೆದ ವಾದ್ಯಮಾತ್ರದ ಆವೃತ್ತಿ ಬರತೊಡಗಿತು. ಮಾತಿಗೆ ದೊರೆತ ಖಾಲಿ ಜಾಗ ಅದು. ಕಿಂಗ್ ಟಬ್ಬಿಯ ಸೌಂಡ್ ಸಿಸ್ಟಮ್‌ನಲ್ಲಿದ್ದ ಯು-ರಾಯ್ ಆ ಜಾಗವನ್ನು ತುಂಬಿದರು. 1970ರಲ್ಲಿ ಅವರು ನಿರ್ಮಾಪಕ ಡ್ಯೂಕ್ ರೀಡ್‌ಗಾಗಿ ಮಾಡಿದ ಧ್ವನಿಮುದ್ರಣಗಳು ಜಮೈಕಾದಲ್ಲಿ ಭಾರಿ ಜನಪ್ರಿಯವಾದವು, ಮಾತೇ ಹಾಡಾಗಬಹುದು ಎಂಬುದು ಖಚಿತವಾಯಿತು. ಓದುವಾಗ ಗೊಂದಲವಾಗದಿರಲಿ: ಜಮೈಕಾದಲ್ಲಿ ಡಿಜೆ ಎಂದರೆ ಮೈಕ್ ಹಿಡಿಯುವವರು, ರೆಕಾರ್ಡ್ ಹಾಕುವವರು ಸೆಲೆಕ್ಟರ್.

ಹಿಪ್ ಹಾಪ್ ಇದೇ ಬೇರಿನ ಇನ್ನೊಂದು ಕೊಂಬೆ. ಕಿಂಗ್‌ಸ್ಟನ್ನಿನಲ್ಲಿ ಹುಟ್ಟಿ ನ್ಯೂಯಾರ್ಕ್‌ಗೆ ವಲಸೆ ಹೋದ ಕೂಲ್ ಹರ್ಕ್ 1973ರ ಆಗಸ್ಟ್ 11ರಂದು ಬ್ರಾಂಕ್ಸ್‌ನಲ್ಲಿ ಕೊಟ್ಟ ಪಾರ್ಟಿಯನ್ನೇ ಹಿಪ್ ಹಾಪ್‌ನ ಜನ್ಮದಿನವೆಂದು ಎಣಿಸುತ್ತಾರೆ.

ಜಮೈಕಾದ ಬೀದಿಯಿಂದ ಇಂಗ್ಲೆಂಡಿನ ರೇವ್‌ಗೆ ಇದು ಬಂದು ಸೇರಿದ್ದು ಹೇಗೆ?

ಹಡಗಿನಲ್ಲಿ. 1948ರಲ್ಲಿ ಎಂಪೈರ್ ವಿಂಡ್‌ರಶ್ ಟಿಲ್ಬರಿ ಬಂದರಿಗೆ ಬಂದ ಮೇಲೆ ಕೆರಿಬಿಯನ್ ವಲಸೆ ಬೆಳೆಯಿತು. ಕಪ್ಪು ಜನರನ್ನು ಹಲವು ಕ್ಲಬ್‌ಗಳು ಬಾಗಿಲಲ್ಲೇ ತಡೆಯುತ್ತಿದ್ದ ಕಾಲ ಅದು. ಡ್ಯೂಕ್ ವಿನ್‌ನಂಥವರು ಲಂಡನ್ನಿನಲ್ಲೇ ಸೌಂಡ್ ಸಿಸ್ಟಮ್ ಕಟ್ಟಿದರು, ಜನ ನೆಲಮಾಳಿಗೆಗಳಲ್ಲಿ, ಸಮುದಾಯ ಭವನಗಳಲ್ಲಿ ಕುಣಿದರು. 1980ರ ದಶಕದಲ್ಲಿ ಲಂಡನ್ನಿನ ಸ್ಯಾಕ್ಸನ್ ಸೌಂಡ್‌ನ ಹುಡುಗರು ‘ಫಾಸ್ಟ್ ಚಾಟ್’ ಎಂಬ ವೇಗದ ಶೈಲಿಯನ್ನು ಹುಟ್ಟುಹಾಕಿದರು. ಅದೇ ಸಂಗದಲ್ಲಿದ್ದ ಪಾಪಾ ಲೀವೈ 1984ರಲ್ಲಿ ಜಮೈಕಾದ ಜನಪ್ರಿಯ ಹಾಡುಗಳ ಪಟ್ಟಿಯಲ್ಲೇ ಮೊದಲ ಸ್ಥಾನಕ್ಕೇರಿದರು, ಅಂದರೆ ತವರಿಗೇ ಸಾಲ ತೀರಿಸಿದರು.

1988ರ ನಂತರ ಆ್ಯಸಿಡ್ ಹೌಸ್ ಸಂಗೀತ ಮತ್ತು ರೇವ್ ಎಂಬ, ರಾತ್ರಿಯಿಡೀ ಕುಣಿಯುವ ಭಾರಿ ಕೂಟಗಳು ಬಂದವು. ಗೋದಾಮುಗಳಿಗೆ, ಹೊಲಗಳಿಗೆ ಸಾವಿರಗಟ್ಟಲೆ ಜನ ನುಗ್ಗಿದಾಗ ಅಷ್ಟು ಜನರೊಂದಿಗೆ ಮಾತಾಡಲು ಯಾರಾದರೂ ಬೇಕಿತ್ತು, ಆ ವಿದ್ಯೆ ಸೌಂಡ್ ಸಿಸ್ಟಮ್ ಮನೆಗಳ ಮಕ್ಕಳ ಬಳಿ ಇತ್ತು. ಹೆವನ್ ಕ್ಲಬ್‌ನ ‘ರೇಜ್’ ರಾತ್ರಿಯಲ್ಲಿ ಫೇಬಿಯೊ ಮತ್ತು ಗ್ರೂವ್‌ರೈಡರ್ ಮುರಿದ ಡ್ರಮ್ ಲಯಗಳನ್ನು ವೇಗಗೊಳಿಸುತ್ತಾ ಹೋದರು. ಜಂಗಲ್ ರೂಪುಗೊಳ್ಳುವಾಗ ಜಮೈಕಾದ ರೆಗ್ಗೆ ಸಂಗೀತದ ಬೇಸ್, ಅಂದರೆ ಕೆಳಸ್ಥಾಯಿಯ ಗುಡುಗು, ಅದರೊಳಗೆ ಬಂದಿತು, ಬೇಸ್‌ನ ಬೆನ್ನಿಗೇ ಎಂಸಿಯೂ ಬಂದರು. 1994ರಲ್ಲಿ ಎಂ-ಬೀಟ್ ಮತ್ತು ಜನರಲ್ ಲೆವಿ ಜೋಡಿಯ ಜಂಗಲ್ ಹಾಡು ಬ್ರಿಟನ್ ಪಟ್ಟಿಯ ಮೊದಲ ಹತ್ತರೊಳಗೆ ನುಸುಳಿತು.

ಹಳಬರು ‘ಟೇಪ್ ಪ್ಯಾಕ್’, ‘ಪೈರೇಟ್ ರೇಡಿಯೊ’ ಎಂದು ನಿಟ್ಟುಸಿರು ಬಿಡುತ್ತಾರೆ. ಏನದು?

ಒಬ್ಬ ಡಿಜೆ ತಮ್ಮ ಸರದಿಯಲ್ಲಿ ಹಾಕುವ ಹಾಡುಗಳ ಸರಣಿಗೆ ಸೆಟ್ ಎನ್ನುತ್ತಾರೆ. ಟೇಪ್ ಪ್ಯಾಕ್ ಎಂದರೆ ಒಂದು ರಾತ್ರಿಯ ಎಲ್ಲ ಸೆಟ್‌ಗಳ ಧ್ವನಿಮುದ್ರಣ, ಆರೆಂಟು ಕ್ಯಾಸೆಟ್‌ಗಳ ಪ್ಲಾಸ್ಟಿಕ್ ಪೆಟ್ಟಿಗೆಯಲ್ಲಿ. ಡ್ರೀಮ್‌ಸ್ಕೇಪ್, ಹೆಲ್ಟರ್ ಸ್ಕೆಲ್ಟರ್, ಒನ್ ನೇಷನ್ ಮುಂತಾದ ಸಂಘಟಕರು ಅವನ್ನು ಮಾರುತ್ತಿದ್ದರು. ಪಾರ್ಟಿಗೆ ಹೋಗಲಾಗದ ಹದಿನಾಲ್ಕರ ಹುಡುಗರು ಆ ಕ್ಯಾಸೆಟ್ ಸವೆಯುವಷ್ಟು ಕೇಳಿ ಎಂಸಿಯ ಸಾಲುಗಳನ್ನು ಬಾಯಿಪಾಠ ಮಾಡಿದರು. ಮುಂದಿನ ತಲೆಮಾರಿನ ಎಂಸಿಗಳಿಗೆ ಇದೇ ಪಾಠಶಾಲೆ.

ಪೈರೇಟ್ ರೇಡಿಯೊ ಎಂದರೆ ಪರವಾನಗಿ ಇಲ್ಲದ ಎಫ್‌ಎಂ. ಎತ್ತರದ ವಸತಿ ಕಟ್ಟಡಗಳ ತಾರಸಿಯ ಮೇಲೆ ಆಂಟೆನಾ, ಯಾವುದೋ ಅಡುಗೆಮನೆಯಲ್ಲಿ ಸ್ಟುಡಿಯೊ. ಕೂಲ್ ಎಫ್‌ಎಂ 1991ರಲ್ಲಿ, ರಿನ್ಸ್ ಎಫ್‌ಎಂ 1994ರಲ್ಲಿ ಶುರುವಾದವು. ರಿನ್ಸ್‌ಗೆ 2010ರಲ್ಲಿ ಪರವಾನಗಿಯೂ ಸಿಕ್ಕಿತು. ಎಂಸಿ ಕೇಳುಗರ ಹೆಸರುಗಳನ್ನು ಓದಿ ಹೇಳುತ್ತಿದ್ದರು, ಹಾಡು ಹಿಡಿಸಿದರೆ ಜನ ಸ್ಟುಡಿಯೊ ಫೋನಿಗೆ ಮಿಸ್ಡ್ ಕಾಲ್ ಕೊಡುತ್ತಿದ್ದರು. ಮಿಸ್ಡ್ ಕಾಲ್ ನಮ್ಮ ದೇಶದ ಸೊತ್ತು ಎಂದುಕೊಂಡಿದ್ದವರು ಇದನ್ನು ಗಮನಿಸಬೇಕು.

ಗ್ರೈಮ್‌ನಲ್ಲಿ ಎಂಸಿಯೇ ನಾಯಕ, ಡಿಜೆ ಹೆಸರು ಯಾರಿಗೂ ಗೊತ್ತಿರುವುದಿಲ್ಲ. ಈ ಅದಲುಬದಲು ಯಾವಾಗ ಆಯಿತು?

ಗರಾಜ್ ಕಾಲದ ಕೊನೆಯಲ್ಲಿ. ಮೊದಲು ಗರಾಜ್ ಎಂಸಿ ಸೂಟು ತೊಟ್ಟ ಹೋಸ್ಟ್. ನಾಲ್ಕು ಮಾತು ಹೇಳಿ ಸರಿಯುತ್ತಿದ್ದರು. 2001ರ ಆಗಸ್ಟ್‌ನಲ್ಲಿ ಸೋ ಸಾಲಿಡ್ ಕ್ರೂ ಬ್ರಿಟನ್ ಪಟ್ಟಿಯ ಮೊದಲ ಸ್ಥಾನಕ್ಕೆ ತಂದ ಹಾಡಿನಲ್ಲಿ ಪ್ರತಿಯೊಬ್ಬರಿಗೂ ತಲಾ 21 ಸೆಕೆಂಡ್ ಹಂಚಿದ್ದರು. ಒಂದು ಗುಂಪಿನ ತುಂಬ ಎಂಸಿಗಳೇ ಇರಬಹುದು ಎಂಬುದು ಅಲ್ಲಿಗೆ ಸ್ಪಷ್ಟವಾಯಿತು. ಪೂರ್ವ ಲಂಡನ್ನಿನ ಕಿರಿಯರು ಇನ್ನಷ್ಟು ಒರಟಾದ, ನಿಮಿಷಕ್ಕೆ 140 ಹೊಡೆತಗಳ ಸಂಗೀತ ಮಾಡಿಕೊಂಡರು, ಅದೇ ಗ್ರೈಮ್. ಎಂಸಿ ವೈಲಿಯ ಸುತ್ತ ಬೆಳೆದ ಆ ಹುಡುಗರಲ್ಲಿ ಡಿಜ್ಜಿ ರ‍್ಯಾಸ್ಕಲ್ 2003ರಲ್ಲಿ, ವರ್ಷದ ಅತ್ಯುತ್ತಮ ಆಲ್ಬಮ್‌ಗೆ ಬ್ರಿಟನ್ನಿನಲ್ಲಿ ಕೊಡುವ ಮರ್ಕ್ಯುರಿ ಪ್ರಶಸ್ತಿ ಗೆದ್ದರು, 2016ರಲ್ಲಿ ಸ್ಕೆಪ್ಟಾ ಗೆದ್ದರು. 2024ರಲ್ಲಿ ಸ್ಕ್ರಿಲ್ಲೆಕ್ಸ್ ಮತ್ತು ಫ್ರೆಡ್ ಅಗೇನ್ ಜೊತೆಗಿನ ಹಾಡಿಗಾಗಿ ಗ್ರೈಮ್ ಎಂಸಿ ಫ್ಲೋಡ್ಯಾನ್‌ಗೆ ಗ್ರ್ಯಾಮಿ ಬಂತು. ಅದು ಡಾನ್ಸ್ ಸಂಗೀತದ ವಿಭಾಗದಲ್ಲೇ ಬಂತೆನ್ನುವುದು ನನಗೆ ಖುಷಿಯ ಸಂಗತಿ.

## ರಾತ್ರಿಯ ಕೆಲಸ

ಯಾವಾಗ ಹೇಳಬೇಕು, ಯಾವಾಗ ಸುಮ್ಮನಿರಬೇಕು ಎಂದು ಅವರಿಗೆ ಹೇಗೆ ಗೊತ್ತಾಗುತ್ತದೆ? ಡಿಜೆ ಸನ್ನೆ ಮಾಡುತ್ತಾರೆಯೇ?

ಸನ್ನೆಯೂ ಇದೆ, ಆದರೆ ಮುಖ್ಯವಾದದ್ದು ಎಣಿಕೆ. ನಾಲ್ಕು ಹೊಡೆತಕ್ಕೆ ಒಂದು ಆವರ್ತ; ಅವರು ಅದನ್ನು ಬಾರ್ ಎನ್ನುತ್ತಾರೆ. ಡ್ರಮ್ ಆ್ಯಂಡ್ ಬೇಸ್ ಹಾಡುಗಳು ಹದಿನಾರು, ಮೂವತ್ತೆರಡು ಆವರ್ತಗಳ ಕಂತುಗಳಲ್ಲಿ ಕಟ್ಟಿರುತ್ತವೆ. ನಿಮಿಷಕ್ಕೆ 174 ಹೊಡೆತದ ವೇಗದಲ್ಲಿ ಹದಿನಾರು ಆವರ್ತವೆಂದರೆ ಸುಮಾರು 22 ಸೆಕೆಂಡ್. ಅನುಭವವಿರುವ ಎಂಸಿಗೆ ಈ 22 ಸೆಕೆಂಡ್ ಮೈಯಲ್ಲೇ ಇರುತ್ತದೆ, ಬೆರಳು ಮಡಚಿ ಎಣಿಸುವುದಿಲ್ಲ.

ಡ್ರಮ್‌ಗಳು ನಿಂತು ಸ್ವರಗಳು ತೇಲುವ ಭಾಗ ಬ್ರೇಕ್‌ಡೌನ್. ಅಲ್ಲಿ ಎಂಸಿ ಜನರೊಂದಿಗೆ ಮಾತಾಡುತ್ತಾರೆ, ಕೈ ಮೇಲೆತ್ತಿಸುತ್ತಾರೆ, ಕಾವು ಏರಿಸುತ್ತಾರೆ. ಬೇಸ್ ಧುಮ್ಮಿಕ್ಕುವ ಡ್ರಾಪ್ ಬಂದಾಗ ಮೊದಲ ಎಂಟು ಆವರ್ತ ಅವರು ಬಾಯಿ ಬಿಡಬಾರದು. ಆ ಹೊತ್ತು ಹಾಡು ಮಾಡಿದವರದು. ಆಮೇಲೆ ಬೇಸ್ ಒಂದೇ ಬಗೆಯಲ್ಲಿ ಉರುಳತೊಡಗಿದಾಗ ಸಾಹಿತ್ಯಕ್ಕೆ ಎಡೆ. ಡಿಜೆ ಎರಡು ಹಾಡುಗಳನ್ನು ಬೆರೆಸುವ ಸೂಕ್ಷ್ಮ ಕ್ಷಣದಲ್ಲಿ ಮತ್ತೆ ಹಿಂದೆ ಸರಿಯಬೇಕು. ಹಾಡಿನಲ್ಲೇ ಗಾಯಕಿಯ ದನಿ ಇದ್ದರೆ ಅದರ ಮೇಲೆ ಹೇಳುವುದು ಮಹಾಪರಾಧ. ಈ ಕ್ರಮವನ್ನು ಉದ್ದೇಶಪೂರ್ವಕವಾಗಿ ಮುರಿದು ಗೆಲ್ಲುವವರೂ ಇದ್ದಾರೆ, ಆದರೆ ಅವರಿಗೆ ಮೊದಲು ಕ್ರಮ ಗೊತ್ತಿತ್ತು.

1990ರ ದಶಕದ ನಡುವೆ ಲಂಡನ್ನಿನ ಬ್ಲೂ ನೋಟ್ ಕ್ಲಬ್‌ನಲ್ಲಿ ನಡೆಯುತ್ತಿದ್ದ ಮೆಟಲ್‌ಹೆಡ್ಜ್ ಎಂಬ ಡ್ರಮ್ ಆ್ಯಂಡ್ ಬೇಸ್ ಭಾನುವಾರಗಳಿಗೆ ಮೈಕ್ ಹಿಡಿದವರು ಕ್ಲೀವ್‌ಲ್ಯಾಂಡ್ ವಾಟ್‌ಕಿಸ್, ಮೂಲತಃ ಜಾಜ್ ಗಾಯಕರು. ದನಿಯನ್ನು ಇನ್ನೊಂದು ವಾದ್ಯದ ಹಾಗೆ ಬಳಸುವುದು ಹೇಗೆಂದು ಕಲಿಯಬೇಕಾದರೆ ಅಲ್ಲಿಂದಲೇ ಕಲಿಯಬೇಕು.

ಹಾಡನ್ನು ಅರ್ಧಕ್ಕೆ ನಿಲ್ಲಿಸಿ ಮತ್ತೆ ಮೊದಲಿನಿಂದ ಹಾಕುತ್ತಾರೆ. ಏನಾದರೂ ಕೈತಪ್ಪಿತೇ?

ಇಲ್ಲ, ಅದು ರಿವೈಂಡ್. ರಿಲೋಡ್, ಪುಲ್ ಅಪ್ ಎಂದೂ ಹೇಳುತ್ತಾರೆ. ಡ್ರಾಪ್ ಬಂದ ಕೂಡಲೇ ಜನ ಹುಚ್ಚೆದ್ದು ಕೂಗಿದರೆ, ಸೀಟಿ ಹೊಡೆದರೆ, ಗೋಡೆ ಗುದ್ದಿದರೆ ಎಂಸಿ ಡಿಜೆಗೆ ಕೂಗಿ ಹೇಳುತ್ತಾರೆ. ಡಿಜೆ ರೆಕಾರ್ಡ್ ಹಿಂದಕ್ಕೆ ಎಳೆದು ಮತ್ತೆ ಹಾಕುತ್ತಾರೆ. ಇದೂ ಜಮೈಕಾದ ಸೌಂಡ್ ಸಿಸ್ಟಮ್‌ನ ಬಳುವಳಿ. ಇಡೀ ರಾತ್ರಿಯಲ್ಲಿ ಜನರು ನೇರವಾಗಿ ತೀರ್ಪು ಕೊಡುವ ಗಳಿಗೆ ಇದೊಂದೇ, ಆ ತೀರ್ಪನ್ನು ಓದಿ ಹೇಳುವವರು ಎಂಸಿ. ಜನ ಕೇಳದಿದ್ದರೂ ಮೂರು ಹಾಡಿಗೊಮ್ಮೆ ರಿವೈಂಡ್ ಕೂಗುವವರನ್ನು ನಾನು ಸಹಿಸಲಾರೆ.

ನನಗೆ ಇಂಗ್ಲಿಷ್ ಚೆನ್ನಾಗಿ ಬರುತ್ತದೆ. ಆದರೂ ಅವರು ಹೇಳುವುದು ಒಂದು ಪದವೂ ತಿಳಿಯುವುದಿಲ್ಲ. ನನ್ನ ಕಿವಿಯದೇ ದೋಷವೇ?

ಅಲ್ಲ. ಜಮೈಕಾದ ಪಾಟ್ವಾ, ಲಂಡನ್ನಿನ ಕಾಕ್ನಿ, ಆಯಾ ಬಡಾವಣೆಯ ಒಳನುಡಿ ಎಲ್ಲ ಅದರಲ್ಲಿ ಬೆರೆತಿರುತ್ತದೆ. ಮೇಲಾಗಿ ಕ್ಲಬ್‌ನ ಬೇಸ್ ವ್ಯಂಜನಗಳನ್ನು ನುಂಗಿಹಾಕುತ್ತದೆ. ಅಲ್ಲೇ ಹುಟ್ಟಿ ಬೆಳೆದವರಿಗೂ ಅರ್ಧ ತಿಳಿಯುವುದಿಲ್ಲ. ಪದಗಳನ್ನು ಬೆನ್ನಟ್ಟುವುದು ಬಿಟ್ಟು ಪ್ರಾಸ ಎಲ್ಲಿ ಬೀಳುತ್ತದೆ ಎಂದು ಗಮನಿಸಿ.

ಜನ ನೂಕಾಡುವಾಗ ಎಂಸಿಗೆ ಏನಾದರೂ ಜವಾಬ್ದಾರಿ ಇದೆಯೇ, ಅದು ಭದ್ರತಾ ಸಿಬ್ಬಂದಿಯ ಕೆಲಸವೇ?

ಕಾನೂನಿನ ಹೊಣೆ ಸಂಘಟಕರದ್ದು ಮತ್ತು ಸ್ಥಳದ ಮಾಲೀಕರದ್ದು. ಆದರೆ ಆ ಗದ್ದಲದಲ್ಲಿ ಎಲ್ಲರಿಗೂ ಕೇಳಿಸುವ ಮಾತು ಎಂಸಿಯದೊಂದೇ. ಮುಂದಿನ ಸಾಲು ಕಟಕಟೆಗೆ ಒತ್ತಿಕೊಳ್ಳುವುದು, ಯಾರೋ ಕುಸಿದು ಬೀಳುವುದು ವೇದಿಕೆಯ ಮೇಲಿಂದ ಚೆನ್ನಾಗಿ ಕಾಣಿಸುತ್ತದೆ. ಒಳ್ಳೆಯ ಎಂಸಿ ಮೊದಲೇ ವೇದಿಕೆ ವ್ಯವಸ್ಥಾಪಕರನ್ನು ಕಂಡು, ಸಂಗೀತ ನಿಲ್ಲಿಸಬೇಕಾದರೆ ಯಾರ ಮಾತು ಕೊನೆಯದು ಎಂದು ಕೇಳಿಟ್ಟುಕೊಂಡಿರುತ್ತಾರೆ. ನಿಲ್ಲಿಸಿದ ಮೇಲೆ ಮಾತು ಸರಳವಾಗಿರಬೇಕು: ಎರಡು ಹೆಜ್ಜೆ ಹಿಂದೆ ಸರಿಯಿರಿ, ಬಿದ್ದವರನ್ನು ಎತ್ತಿ, ವೈದ್ಯಕೀಯ ತಂಡಕ್ಕೆ ದಾರಿ ಬಿಡಿ. ಪ್ರಾಸ ಬೇಡ. ಅಲ್ಲಿಯವರೆಗೆ ಜನರನ್ನು ಕೆರಳಿಸಿದ ಅದೇ ದನಿ ಥಟ್ಟನೆ ತಣ್ಣಗಾದರೆ ಜನ ಕೂಡಲೇ ಎಚ್ಚೆತ್ತುಕೊಳ್ಳುತ್ತಾರೆ.

## ಮೈಕ್ ಹಿಡಿಯಬೇಕೆಂದಿರುವವರಿಗೆ

ಎಲ್ಲಿಂದ ಶುರು ಮಾಡಲಿ? ಯಾವ ತರಗತಿಗೆ ಸೇರಲಿ?

ತರಗತಿ ಬೇಡ. ಒಬ್ಬ ಡಿಜೆ ಗೆಳೆಯ ಬೇಕು. ಮೊದಲು ಬಾಯಿ ತೆರೆಯದೆ, ಸೆಟ್‌ಗಳನ್ನು ಕೇಳುತ್ತಾ ಹದಿನಾರರ ಕಂತು ಎಲ್ಲಿ ಮುಗಿಯಿತು ಎಂದು ಕೈ ತಟ್ಟಿ ಗುರುತಿಸಿ. ಅದು ತಪ್ಪದಂತಾದ ಮೇಲೆ ಎಂಟು ಆವರ್ತದ ತುಣುಕು ಬರೆಯಿರಿ, ಹದಿನಾರರದ್ದು ಆಮೇಲೆ. ನಿಮ್ಮದನ್ನು ಧ್ವನಿಮುದ್ರಿಸಿ ಮರುದಿನ ಕೇಳಿ. ಅದೇ ರಾತ್ರಿ ಕೇಳಿದರೆ ಎಲ್ಲವೂ ಅದ್ಭುತವಾಗಿಯೇ ಕೇಳಿಸುತ್ತದೆ. ಇನ್ನೊಬ್ಬ ಎಂಸಿಯ ಸಾಲುಗಳನ್ನು ಕಲಿಕೆಗಾಗಿ ಬಾಯಿಪಾಠ ಮಾಡಬಹುದು, ವೇದಿಕೆಯ ಮೇಲೆ ಹೇಳಬಾರದು. ಕಳ್ಳತನಕ್ಕೆ ಈ ಲೋಕದಲ್ಲಿ ಕ್ಷಮೆಯಿಲ್ಲ.

ನಾನು ಮೈಕ್ ಹಿಡಿದ ತಕ್ಷಣ ಅದು ಕಿರುಚುತ್ತದೆ. ಸೌಂಡ್ ಎಂಜಿನಿಯರ್ ನನ್ನನ್ನೇ ಬೈಯುತ್ತಾರೆ. ಯಾರ ತಪ್ಪು?

ನೀವು ಮೈಕ್‌ನ ತಲೆಯನ್ನು ಅಂಗೈಯಲ್ಲಿ ಮುಚ್ಚಿ ಹಿಡಿಯುತ್ತಿದ್ದರೆ ನಿಮ್ಮದೇ. ಎಲ್ಲೆಡೆ ಕಾಣುವ ಶೂರ್ ಎಸ್‌ಎಂ58ರಂಥ ಮೈಕ್ ಮುಂದಿನಿಂದ ಬರುವ ದನಿಯನ್ನು ಹಿಡಿದು ಹಿಂದಿನದನ್ನು ಬಿಡುವಂತೆ ಮಾಡಿದ್ದು. ಜಾಲರಿಯನ್ನು ಮುಚ್ಚಿದರೆ ಆ ಗುಣ ಹೋಗಿ ಸುತ್ತಲಿನ ಸ್ಪೀಕರ್‌ನ ಸದ್ದೆಲ್ಲ ಒಳಗೆ ನುಗ್ಗುತ್ತದೆ, ಕಿರುಚುತ್ತದೆ. ಚಿತ್ರದಲ್ಲಿ ಆ ಹಿಡಿತ ಚೆನ್ನಾಗಿ ಕಾಣುತ್ತದೆ ಅಷ್ಟೇ. ಮುಖ್ಯ ಸ್ಪೀಕರ್‌ಗಳ ಎದುರಿಗೆ ಇಳಿದು ನಿಲ್ಲುವುದೂ ಬೇಡ. ಮೈಕನ್ನು ಡಿಜೆ ಮಿಕ್ಸರ್‌ಗೆ ಸಿಕ್ಕಿಸದೆ ಎಂಜಿನಿಯರ್‌ನ ಮೇಜಿನಲ್ಲಿ ಪ್ರತ್ಯೇಕ ದಾರಿ ಕೇಳಿ. ಕೆಳಗಿನ ಗುಡುಗನ್ನು ಸೋಸಿ ದನಿಯನ್ನು ಹದವಾಗಿಡಲು ಅವರಿಗೆ ಆಗ ಸಾಧ್ಯ.

ಲಯ ತಪ್ಪುವುದಕ್ಕೂ ಒಂದು ಭೌತಿಕ ಕಾರಣವಿದೆ. ಸದ್ದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. 34 ಮೀಟರ್ ದೂರದ ಸ್ಪೀಕರ್‌ನಿಂದ ಬರುವ ಹೊಡೆತ ನಿಮಗೆ ಹತ್ತನೇ ಒಂದು ಸೆಕೆಂಡ್ ತಡವಾಗಿ ಕೇಳಿಸುತ್ತದೆ. 174ರ ವೇಗದಲ್ಲಿ ಅದು ಹೆಚ್ಚುಕಡಿಮೆ ಒಂದು ಹೊಡೆತದ ಮೂರನೇ ಒಂದು ಪಾಲು. ಆದ್ದರಿಂದ ಕಾಲ ಬುಡದಲ್ಲಿ ಒಂದು ಮಾನಿಟರ್ ಸ್ಪೀಕರ್ ಬೇಕೇ ಬೇಕು, ಅದನ್ನೇ ಕೇಳಬೇಕು.

ಕಿವಿಗೆ ಬಿರಟೆ ಹಾಕಿಕೊಳ್ಳಿ. 85 ಡೆಸಿಬೆಲ್‌ನಲ್ಲಿ 8 ಗಂಟೆ ಸುರಕ್ಷಿತವೆಂದು ಹಿಡಿದರೆ, ಪ್ರತಿ 3 ಡೆಸಿಬೆಲ್‌ಗೆ ಆ ಅವಧಿ ಅರ್ಧವಾಗುತ್ತದೆ. 100 ಡೆಸಿಬೆಲ್‌ಗೆ ಉಳಿಯುವುದು 15 ನಿಮಿಷ.

ಕನ್ನಡದಲ್ಲಿ ಈ ವೇಗಕ್ಕೆ ಹೇಳಲು ಸಾಧ್ಯವೇ? ನಮ್ಮ ಪದಗಳು ಉದ್ದ.

ಪದ ಉದ್ದವಿದ್ದರೂ ಮಾತ್ರೆಗಳು ನಮ್ಮ ಪರವಾಗಿವೆ. ಒಂದು ಆವರ್ತದಲ್ಲಿ ಹದಿನಾರು ಸಣ್ಣ ಮನೆಗಳಿವೆ. ಮಂದಾನಿಲ ರಗಳೆಯ ಒಂದು ಸಾಲಿನಲ್ಲಿ ನಾಲ್ಕು ಮಾತ್ರೆಯ ನಾಲ್ಕು ಗಣಗಳು, ಅಂದರೆ ಹದಿನಾರು ಮಾತ್ರೆ. ಮನೆಗೊಂದು ಮಾತ್ರೆ ಕೂರುತ್ತದೆ. ಪ್ರಯತ್ನಕ್ಕೆ ಎರಡು ಸಾಲು ಹೊಸೆದಿದ್ದೇನೆ:

ಬೆಂಕಿಯ ಬೇಸಿಗೆ ಗೋಡೆಯು ನಡುಗಲಿ
ಅಂಕೆಯ ಮೀರಿದ ಕಾಲ್ಗಳು ಗುಡುಗಲಿ

ಕಾವ್ಯವಾಗಿ ಇದಕ್ಕೆ ಬೆಲೆ ಕಟ್ಟಬೇಡಿ. ಆದಿಪ್ರಾಸ, ಅಂತ್ಯಪ್ರಾಸ ಎರಡೂ ಒಟ್ಟಿಗೆ ಬಡಿಯುವುದನ್ನು ಗಮನಿಸಿ. ಇಂಗ್ಲಿಷ್ ಎಂಸಿಗಳು ಹೆಚ್ಚಾಗಿ ಸಾಲಿನ ಕೊನೆಯ ಪ್ರಾಸವನ್ನು ನೆಚ್ಚುತ್ತಾರೆ, ನಮಗೆ ಸಾಲಿನ ತಲೆಯಲ್ಲೂ ಒಂದು ಹೊಡೆತ ಸಿಗುತ್ತದೆ. 174ರಲ್ಲಿ ಒಂದು ಆವರ್ತ ಸುಮಾರು 1.4 ಸೆಕೆಂಡ್. ಅಷ್ಟರಲ್ಲಿ ಹದಿನಾರು ಮಾತ್ರೆ ಎಂದರೆ ಸೆಕೆಂಡಿಗೆ ಹನ್ನೊಂದಕ್ಕೂ ಹೆಚ್ಚು, ಇದು ಸ್ಕಿಬಡೀ ಅವರಂಥ ‘ಡಬಲ್ ಟೈಮ್’ ನಿಪುಣರ ವೇಗ. ಮೊದಲು ಇದೇ ಸಾಲನ್ನು ಎರಡು ಆವರ್ತಗಳಿಗೆ ಹರಡಿ ಹೇಳಿ. ಸೆಕೆಂಡಿಗೆ ಆರರ ಆಸುಪಾಸು, ಆರಾಮದ ನಡಿಗೆ. ಒಂದು ತೊಡಕು ಮಾತ್ರ ನಿಜ: ನಮ್ಮ ಪದಗಳು ಸ್ವರದಲ್ಲೇ ಮುಗಿಯುವುದರಿಂದ ಇಂಗ್ಲಿಷಿನ ‘ಟಕ್’ ಎನ್ನುವ ಮುಕ್ತಾಯ ಸಿಗುವುದಿಲ್ಲ. ಒತ್ತಕ್ಷರಗಳಿಂದ ಅದನ್ನು ಸರಿದೂಗಿಸಬೇಕು. ಐದು ಮಾತ್ರೆಯ ಗಣಗಳ ಲಲಿತ ರಗಳೆ ಇಲ್ಲಿ ಕೂರುವುದಿಲ್ಲ, ಪ್ರತಿ ಸಾಲೂ ಆವರ್ತದಿಂದ ಹೊರಗೆ ಚೆಲ್ಲುತ್ತದೆ.

## ಹಣ, ಹೆಸರು, ಜಗಳ

ಪೋಸ್ಟರ್‌ನಲ್ಲಿ ಡಿಜೆಯ ಹೆಸರು ಮೊರದಗಲ, ಎಂಸಿಯದು ಇರುವೆ ಗಾತ್ರ. ಸಂಭಾವನೆಯೂ ಹಾಗೆಯೇ ಇರುತ್ತದೆಯೇ?

ಬಹುತೇಕ ಹಾಗೆಯೇ. ಡಿಜೆ ತಮ್ಮ ಒಂದೆರಡು ಗಂಟೆಯ ಸೆಟ್ ಮುಗಿಸಿ ಹೋಗುತ್ತಾರೆ. ಎಂಸಿಯನ್ನು ಹಲವು ಸಲ ಮೂರ್ನಾಲ್ಕು ಡಿಜೆಗಳ ಉದ್ದಕ್ಕೂ ನಿಲ್ಲಿಸಿ ಒಂದೇ ಸಂಭಾವನೆ ಕೊಡುತ್ತಾರೆ. ಡಿಜೆಗೆ ತಮ್ಮದೇ ಹಾಡುಗಳಿದ್ದರೆ ಅವುಗಳ ಗೌರವಧನವೂ ಇದೆ; ಎಂಸಿಯ ಮಾತು ಆ ರಾತ್ರಿಗೇ ಆರಿಹೋಗುತ್ತದೆ. ಆರದೆ ಉಳಿದಾಗಲೂ, ಅಂದರೆ ಸೆಟ್ ಧ್ವನಿಮುದ್ರಣವಾಗಿ ಹರಡಿದಾಗಲೂ, ಮುಖಪುಟದಲ್ಲಿ ಡಿಜೆಯ ಹೆಸರೊಂದೇ ಇರುವುದುಂಟು.

ಕಾನೂನು ಇಷ್ಟು ಕುರುಡಲ್ಲ. ಬ್ರಿಟನ್ನಿನ 1988ರ ಕೃತಿಸ್ವಾಮ್ಯ ಕಾಯಿದೆ ಪ್ರದರ್ಶನಕಾರರಿಗೆ ಪ್ರತ್ಯೇಕ ಹಕ್ಕು ಕೊಟ್ಟಿದೆ: ಒಪ್ಪಿಗೆಯಿಲ್ಲದೆ ಪ್ರದರ್ಶನವನ್ನು ಧ್ವನಿಮುದ್ರಿಸಿ ಮಾರುವಂತಿಲ್ಲ. ಬರೆದಿಟ್ಟ ಅಥವಾ ಧ್ವನಿಮುದ್ರಿಸಿದ ಸಾಹಿತ್ಯಕ್ಕೂ ರಕ್ಷಣೆ ಇದೆ. ಆದ್ದರಿಂದ ಎಂಸಿಗಳಿಗೆ ನನ್ನ ಸಲಹೆ: ವೇದಿಕೆ ಏರುವ ಮೊದಲು ಎಷ್ಟು ಗಂಟೆ, ಎಷ್ಟು ಹಣ, ಧ್ವನಿಮುದ್ರಣ ಇದೆಯೇ, ಹೆಸರು ಹಾಕುತ್ತಾರೆಯೇ ಎಂಬುದನ್ನು ಒಂದು ಸಂದೇಶದಲ್ಲಾದರೂ ಬರೆಸಿಕೊಳ್ಳಿ. 1997ರಲ್ಲಿ ರೋನಿ ಸೈಜ್ ಮತ್ತು ರೆಪ್ರಜೆಂಟ್ ತಂಡಕ್ಕೆ ಮರ್ಕ್ಯುರಿ ಪ್ರಶಸ್ತಿ ಬಂದಾಗ ಡೈನಮೈಟ್ ಎಂಸಿ ಆ ತಂಡದ ಸದಸ್ಯರಾಗಿಯೇ ಇದ್ದರು, ಬಾಡಿಗೆಯ ದನಿಯಾಗಿ ಅಲ್ಲ. ಹಾಗೆ ಮಾಡಬಹುದು ಎಂಬುದಕ್ಕೆ ಬೇರೆ ಪುರಾವೆ ಬೇಕಿಲ್ಲ.

ಎಂಸಿ ಬಂದರೆ ಗಲಾಟೆ ಬರುತ್ತದೆ ಎನ್ನುತ್ತಾರೆ. ಎಷ್ಟು ನಿಜ?

ಈ ಮಾತಿಗೆ ಸರ್ಕಾರಿ ಮುದ್ರೆಯೇ ಬಿದ್ದ ಕಾಲವಿತ್ತು. ಲಂಡನ್ನಿನ ಮೆಟ್ರೊಪಾಲಿಟನ್ ಪೊಲೀಸರು 2005ರಲ್ಲಿ ‘ಫಾರ್ಮ್ 696’ ಎಂಬ ಅರ್ಜಿ ತಂದರು. ಡಿಜೆ, ಎಂಸಿ ಇರುವ ಕಾರ್ಯಕ್ರಮಗಳಿಗೆ ಮುಂಚೆ ಕಲಾವಿದರ ಹೆಸರು, ವಿಳಾಸ, ಫೋನ್ ಸಂಖ್ಯೆ ಕೊಡಬೇಕಿತ್ತು. ಯಾವ ಬಗೆಯ ಸಂಗೀತ, ಯಾವ ಜನಾಂಗದವರು ಬರುತ್ತಾರೆ ಎಂಬ ಪ್ರಶ್ನೆಗಳೂ ಅದರಲ್ಲಿದ್ದವು. ಟೀಕೆ ಬಂದ ಮೇಲೆ ಜನಾಂಗ, ಸಂಗೀತದ ಪ್ರಶ್ನೆಗಳನ್ನು 2009ರಲ್ಲಿ ಕೈಬಿಟ್ಟರು. ಇಡೀ ಅರ್ಜಿ ರದ್ದಾದದ್ದು 2017ರ ನವೆಂಬರ್‌ನಲ್ಲಿ. ಅಷ್ಟು ವರ್ಷ ಗರಾಜ್ ಮತ್ತು ಗ್ರೈಮ್ ರಾತ್ರಿಗಳಿಗೆ ಸ್ಥಳ ಸಿಗುವುದೇ ಕಷ್ಟವಾಗಿತ್ತು. ಗಿಟಾರ್ ತಂಡಗಳಿಗೆ ಈ ಕಾಟ ಇರಲಿಲ್ಲ. ‘ಮೈಕ್ ಬೇಡ, ಸಂಗೀತ ಸಾಕು’ ಎಂದು ಕ್ಲಬ್ ಮಾಲೀಕರು ಹೇಳುವಾಗ ಅದು ಎಷ್ಟು ಅಭಿರುಚಿಯ ಮಾತು, ಎಷ್ಟು ಆ ಹಳೆಯ ಭಯ ಎಂದು ಕೇಳಬೇಕಾಗುತ್ತದೆ. ಡಿಜೆಯ ಮೇಲೆ ಹತ್ತಿ ಕೂರುವ ಕೆಟ್ಟ ಎಂಸಿಗಳು ಇದ್ದಾರೆ, ಒಪ್ಪುತ್ತೇನೆ. ಕೆಟ್ಟ ಡಿಜೆಗಳೂ ಇದ್ದಾರೆ, ಅವರಿಗಾಗಿ ಯಾರೂ ಅರ್ಜಿ ಮುದ್ರಿಸಲಿಲ್ಲ.

ಹೆಣ್ಣುಮಕ್ಕಳು ಯಾಕೆ ಕಾಣಿಸುವುದಿಲ್ಲ?

ಇದ್ದಾರೆ, ಕರೆಯುವವರು ಕಡಿಮೆ. ಜಂಗಲ್‌ನಲ್ಲಿ ಎಂಸಿ ಚಿಕಾಬೂ, ಡ್ರಮ್ ಆ್ಯಂಡ್ ಬೇಸ್‌ನಲ್ಲಿ ಲೇಡಿ ಎಂಸಿ, ಗರಾಜ್‌ನಿಂದ ಬಂದ ಮಿಸ್ ಡೈನಮೈಟ್. ಕೊನೆಯವರು 2002ರಲ್ಲಿ ಮರ್ಕ್ಯುರಿ ಗೆದ್ದರು, ಡಿಜ್ಜಿಗಿಂತ ಒಂದು ವರ್ಷ ಮೊದಲು. ಆರೇಳು ಗಂಡಸರು ಒಂದೇ ಮೈಕ್‌ಗಾಗಿ ಕೈ ಚಾಚುವ ಸೆಟ್‌ಗಳಲ್ಲಿ ಸರದಿ ಎಂಬುದೇ ಇರುವುದಿಲ್ಲ, ಕಸಿದವರಿಗೇ ಮೈಕ್. ಸಂಘಟಕರು ಹೆಸರು, ಹೊತ್ತು ಎರಡನ್ನೂ ಮೊದಲೇ ನಿಗದಿ ಮಾಡಿದರೆ ಅರ್ಧ ಸಮಸ್ಯೆ ಅಲ್ಲೇ ಕರಗುತ್ತದೆ.

ಭಾರತದಲ್ಲಿ, ವಿಶೇಷವಾಗಿ ಬೆಂಗಳೂರಿನಲ್ಲಿ, ಈ ಬಗೆಯ ರಾತ್ರಿಗಳಿಗೆ ಅಡ್ಡಿ ಏನು?

ಗಡಿಯಾರ. 2000ದ ಶಬ್ದಮಾಲಿನ್ಯ ನಿಯಮಗಳ ಪ್ರಕಾರ ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಬಯಲಿನಲ್ಲಿ ಧ್ವನಿವರ್ಧಕ ಬಳಸುವಂತಿಲ್ಲ; ರಾಜ್ಯ ಸರ್ಕಾರ ವರ್ಷಕ್ಕೆ ಹೆಚ್ಚೆಂದರೆ 15 ದಿನ ಮಧ್ಯರಾತ್ರಿಯವರೆಗೆ ವಿನಾಯಿತಿ ಕೊಡಬಹುದು. ಲಂಡನ್ನಿನಲ್ಲಿ ಎಂಸಿ ಮೈಕ್ ಪರೀಕ್ಷಿಸುವ ಹೊತ್ತಿಗೆ ನಮ್ಮ ಬಯಲು ಕಾರ್ಯಕ್ರಮ ಮುಗಿದಿರುತ್ತದೆ. ಹಾಗಾಗಿ ಇಲ್ಲಿ ನಡುಮಧ್ಯಾಹ್ನವೇ ಶುರು ಮಾಡುವುದು ಜಾಣತನ. ಸೌಂಡ್ ಸಿಸ್ಟಮ್‌ನ ಮೂಲ ಹುರುಪು ನೋಡಬೇಕೆಂದರೆ ದೆಹಲಿಯ ತರು ದಾಲ್ಮಿಯಾ, ಅಂದರೆ ದೆಲ್ಲಿ ಸುಲ್ತಾನೇಟ್, ತಮ್ಮದೇ ಸ್ಪೀಕರ್ ಗೋಪುರ ಕಟ್ಟಿ ನಡೆಸುವ ರೆಗ್ಗೆ ಕೂಟಗಳಿವೆ.

ಒಂದು ಸೆಟ್ ಮಾತ್ರ ಕೇಳುತ್ತೇನೆ, ಹೆಚ್ಚು ಸಮಯವಿಲ್ಲ. ಯಾವುದು ಕೇಳಲಿ?

ಮಾತು ಇಷ್ಟವಿಲ್ಲದವರಾದರೆ ಬುಕೆಮ್ ಮತ್ತು ಕಾನ್ರಾಡ್ ಜೋಡಿಯ ಯಾವುದಾದರೂ ನೇರ ಧ್ವನಿಮುದ್ರಣ. ಮಾತಿಗಾಗಿಯೇ ಬಂದವರಾದರೆ ಸ್ಕಿಬಡೀ ಮತ್ತು ಶಬ್ಬಾ ಡಿ ಒಟ್ಟಿಗಿರುವ ಸೆಟ್. ಒಬ್ಬರು ಬಿಟ್ಟ ಪದವನ್ನು ಇನ್ನೊಬ್ಬರು ಎತ್ತಿಕೊಳ್ಳುವ ಚಳಕ ಅಲ್ಲಿದೆ. ಸ್ಕಿಬಡೀ 2022ರಲ್ಲಿ ತೀರಿಕೊಂಡರು, ಧ್ವನಿಮುದ್ರಣಗಳು ಮಾತ್ರ ಹೇರಳವಾಗಿ ಸಿಗುತ್ತವೆ. ಫೋನಿನ ಸ್ಪೀಕರ್‌ನಲ್ಲಿ ಕೇಳಬೇಡಿ. ಅದರಲ್ಲಿ ಬೇಸ್ ಇರುವುದಿಲ್ಲ, ಎಂಸಿ ಯಾವುದಕ್ಕೆ ಜಾಗ ಬಿಟ್ಟು ಸುಮ್ಮನಿದ್ದಾರೆ ಎಂಬುದು ತಿಳಿಯುವುದಿಲ್ಲ.